ಗೂಡಿನ ಬಾಯಲ್ಲಿ ಕೂತ ಮರಿ ಇರುವೆ

ಇರುವೆಗಳ ಶಾಲೆಯಲ್ಲಿ ಮೊದಲ ಪಾಠವೇ ವಾಸನೆ ಹಿಡಿದು ಸಾಲಿನಲ್ಲಿ ನಡೆಯುವುದು. ಒಂದು ಮರಿ ಇರುವೆಗೆ ಮಾತ್ರ ವಾಸನೆಯೇ ತಿಳಿಯುತ್ತಿರಲಿಲ್ಲ. ಸಾಲು ಬಿಟ್ಟು ಎಲ್ಲೆಲ್ಲೋ ಹೋಗಿ ದಾರಿ ತಪ್ಪುತ್ತಿತ್ತು. ಪಾಠ ಹೇಳುವ ಕಪ್ಪು ಗೊದ್ದ ಇರುವೆ ಮೇಷ್ಟ್ರು ಕೆಟ್ಟವರೇನಲ್ಲ. "ನೀನು ಗೂಡಿನ ಬಾಯಲ್ಲೇ ಕೂತಿರು ಮರಿ, ನಿನ್ನ ಪಾಲಿನ ಸಕ್ಕರೆ ಕೂತಲ್ಲಿಗೇ ಬರುತ್ತೆ," ಎಂದರು.

ಹೇಳಿದಂತೆ ಸಕ್ಕರೆ ಬಂತು. ಮರಿ ಇರುವೆ ಕೂತು ಸಾಲನ್ನೇ ನೋಡುತ್ತಿತ್ತು. ಹೋಗುವವು, ಬರುವವು, ಎದುರಾದಾಗಲೆಲ್ಲ ಮೀಸೆಗೆ ಮೀಸೆ ತಾಗಿಸಿ ಮುಂದೆ ಸಾಗುತ್ತಿದ್ದವು. ಸಾಲಿನಲ್ಲೇ ಇಲ್ಲದ್ದರ ಮೀಸೆಯನ್ನು ಯಾರು ಮುಟ್ಟುತ್ತಾರೆ? ತಿನ್ನದೆ ಬಿಟ್ಟ ಸಕ್ಕರೆ ಹಾಗೇ ಪಕ್ಕದಲ್ಲಿ ಗುಡ್ಡೆ ಬಿತ್ತು.

ಮೇಷ್ಟ್ರಿಗೆ ಸಿಟ್ಟು ಬಂತು. "ಎಲ್ಲರಿಗಿಂತ ಮೊದಲು ನಿನಗೇ ಕೊಡಿಸುತ್ತಿದ್ದೇನೆ. ಇನ್ನೇನು ಕಡಿಮೆಯಾಗಿದೆ ನಿನಗೆ?"

"ದಾರಿಯಲ್ಲಿ ಎಲ್ಲರೂ ಮೀಸೆ ತಾಗಿಸುತ್ತಾರಲ್ಲ ಮೇಷ್ಟ್ರೇ, ಅದರಲ್ಲೂ ನನಗೊಂದು ಪಾಲು ತಂದುಕೊಡೋಕಾಗುತ್ತಾ?"

ಮೇಷ್ಟ್ರು ಮರಿಯನ್ನು ಸಾಲಿಗೆ ಕರೆತಂದು, ಅದರ ಮುಂದೆ ಬೆನ್ನು ತಿರುಗಿಸಿ ನಿಂತು, "ನನ್ನ ಹಿಂಗಾಲಿಗೆ ಮೀಸೆ ತಾಗಿಸಿಕೊಂಡು ಬಾ. ಅದು ತಪ್ಪಿದರೆ ನಾನು ನಿಲ್ಲುತ್ತೇನೆ," ಎಂದರು.

ಹಿಂದಿನವು ಗೊಣಗಿದವು. "ಮೇಷ್ಟ್ರೇ, ತಡವಾಗುತ್ತೆ!"

"ಆಗಲಿ."

ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿನಿಂದ ಬಂದ ಇರುವೆಯೊಂದು, ಎಲ್ಲರಿಗೂ ಮಾಡುವಂತೆ, ಮರಿಯ ಮೀಸೆಗೂ ಮೀಸೆ ತಾಗಿಸಿ ಹೋಯಿತು. ತಿರುಗಿಯೂ ನೋಡಲಿಲ್ಲ. ಮರಿ ಇರುವೆ ಮಾತ್ರ ಇದ್ದಲ್ಲೇ ನಿಂತುಬಿಟ್ಟಿತು. ಮುಂದೆ ಮೇಷ್ಟ್ರು ನಿಂತರು. ಹಿಂದೆ ಇಡೀ ಸಾಲು ನಿಂತಿತು.