ದಾವಲ್ ಮಿಸ್ತ್ರಿ ಕೇಳಿಸಿದ ಉಸಿರು

ಬಹಳ ಹಿಂದೆ, ಕೆಂಪು ಅದಿರಿನ ಬೆಟ್ಟದ ಬುಡದಲ್ಲಿ ಒಂದು ಊರಿತ್ತು. ಆ ಊರಿಗೆ ಇದ್ದುದು ಒಂದೇ ಬಾಡಿಗೆ ಕಾರು. ಆಸ್ಪತ್ರೆ ಇದ್ದುದು ಬೆಟ್ಟದ ಆಚೆ. ಈಚೆ ಕಡೆಯಲ್ಲೂ ಜನ ಹೆರುತ್ತಾರೆ, ಸಾಯುತ್ತಾರೆ ಎಂಬುದು ಅದನ್ನು ಕಟ್ಟಿಸಿದವರ ಗಮನಕ್ಕೆ ಬಂದಿರಲಿಲ್ಲ. ಆದ್ದರಿಂದ ಊರಿನ ಜೀವವೆಲ್ಲ ಗವಿಸಿದ್ಧಪ್ಪನ ಆ ಮುದಿ ಕಾರನ್ನು ನೆಚ್ಚಿಕೊಂಡಿತ್ತು ಎನ್ನುತ್ತಾರೆ.

ಆ ಕಾರಿಗೆ ಒಂದು ರೋಗ ಹತ್ತಿತು. ಬಯಲಿನಲ್ಲಿ ಕುದುರೆಯಂತೆ ಓಡುವುದು, ಏರು ಹತ್ತಿದೊಡನೆ ತಡವರಿಸುವುದು. ಆಕ್ಸಿಲರೇಟರ್ ತುಳಿದಷ್ಟೂ ಬಲಗುಂದುವುದು, ನಡುದಾರಿಯಲ್ಲಿ ನಿಲ್ಲುವುದು. ಒಂದಿಷ್ಟು ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುವುದು. ಪೇಟೆಯ ಗ್ಯಾರೇಜಿನವರು ಪ್ಲಗ್ ಬದಲಿಸಿದರು, ಕಾರ್ಬೊರೇಟರ್ ತೊಳೆದರು. ರೋಗ ಬಿಡಲಿಲ್ಲ. ಗವಿಸಿದ್ಧಪ್ಪ ಆಯುಧಪೂಜೆಗೆ ಮತ್ತಷ್ಟು ಭಕ್ತಿಯಿಂದ ಅದರ ಮೈಗೆಲ್ಲ ಗಂಧ ಬಳಿದ. ರೋಗ ಹೆಚ್ಚಿತು.

ಹೀಗಿರುವಾಗ ಅವನ ಮಗಳು ಹಂಪವ್ವನಿಗೆ ಹೆರಿಗೆ ನೋವು ಬಂತು. ಕೂಸು ಅಡ್ಡ ತಿರುಗಿದೆ, ಆಚೆಗೆ ಒಯ್ಯಿರಿ ಎಂದು ಸೂಲಗಿತ್ತಿ ಕೈಚೆಲ್ಲಿದಳು. ಗವಿಸಿದ್ಧಪ್ಪ ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟು, ಏರಿನ ಬುಡದಲ್ಲಿದ್ದ ದಾವಲ್ ಮಿಸ್ತ್ರಿಯ ಗುಡಿಸಲ ಮುಂದೆ ಕಾರು ನಿಲ್ಲಿಸಿ ಕೈಮುಗಿದ. ದಾವಲ್ ಲಾರಿಗಳ ಮಿಸ್ತ್ರಿ, ಮುಸಲ್ಮಾನ. ಅಲ್ಲಿಯವರೆಗೆ ಗವಿಸಿದ್ಧಪ್ಪ ತನ್ನ ಕಾರನ್ನು ಅವನಿಗೆ ಮುಟ್ಟಗೊಟ್ಟಿರಲಿಲ್ಲ.

ಮಿಸ್ತ್ರಿ ಬಾನೆಟ್ ತೆರೆಯಲೇ ಇಲ್ಲ ಎನ್ನುತ್ತಾರೆ. ನಿಂತಾಗ ಏನು ಮಾಡಿದರೆ ಬೇಗ ಹೊರಡುತ್ತದೆ ಎಂದಷ್ಟೇ ಕೇಳಿದ. ಪೆಟ್ರೋಲ್ ಹಾಕಿದೊಡನೆ ಹೊರಡುತ್ತದೆ, ಆದರೆ ಟ್ಯಾಂಕು ಎಂದೂ ಬರಿದಾಗಿರುವುದಿಲ್ಲ ಎಂದು ಗವಿಸಿದ್ಧಪ್ಪ ಹೇಳಿದ. ಮಿಸ್ತ್ರಿ ಮುಂದಿನ ಸೀಟಿನಲ್ಲಿ ಕುಳಿತ.

ಹುಣಸೆಮರದ ತಿರುವಿನಲ್ಲಿ ಕಾರು ತಡವರಿಸಿತು, ಕೆಮ್ಮಿತು, ನಿಂತಿತು.

"ಯಪ್ಪಾ, ನನ್ನ ಇಲ್ಲೇ ಇಳಿಸಿಬಿಡು" ಎಂದಳು ಹಂಪವ್ವ.

ಮಿಸ್ತ್ರಿ ಇಳಿದು ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳ ತಿರುವಿದ. ಆಗ ಟ್ಯಾಂಕು ಉಸಿರೆಳೆದುಕೊಂಡಿತು, ಮುಳುಗಿದವನು ನೀರಿನಿಂದ ತಲೆಯೆತ್ತಿದಂತೆ. ಆ ಸೆಳೆತಕ್ಕೆ ಹುಣಸೆಯ ಎಲೆಗಳೆಲ್ಲ ಉದುರಿ ಟ್ಯಾಂಕಿನ ಬಾಯಿಗೆ ಹಾರಿದವು ಎನ್ನುತ್ತಾರೆ. ಅಷ್ಟು ಆಗಿರಲಾರದು. ಆದರೆ ಆ ಉಸಿರನ್ನು ಮೂವರೂ ಕೇಳಿದ್ದರು.

ಮುಚ್ಚಳದಲ್ಲಿ ಸಾಸಿವೆಯಷ್ಟು ರಂಧ್ರವಿತ್ತು. ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಹೋಗಬೇಕಾದ ದಾರಿ ಅದು. ವರ್ಷವರ್ಷದ ಗಂಧ, ಕುಂಕುಮ, ಅದರ ಮೇಲೆ ಅದಿರಿನ ದೂಳು ಕಲ್ಲಾಗಿ ಕೂತು ಅದನ್ನು ಮುಚ್ಚಿತ್ತು. ಗಾಳಿಯಿಲ್ಲದ ಟ್ಯಾಂಕು ಎಂಜಿನ್ನಿಗೆ ಪೆಟ್ರೋಲ್ ಬಿಟ್ಟುಕೊಡುತ್ತಿರಲಿಲ್ಲ.

ಮಿಸ್ತ್ರಿ ಒಂದು ಜಾಲಿಮುಳ್ಳು ಮುರಿದು ಗವಿಸಿದ್ಧಪ್ಪನ ಕೈಗಿತ್ತ.

"ಪೂಜಿ ಮಾಡಿದ್ದನ್ನ ಹೆಂಗ ಕೆರೀಲಿ, ಮಿಸ್ತ್ರಿ?"

"ದೇವರ ಮೂಗು ಮುಚ್ಚಿ ಪೂಜಿ ಮಾಡ್ತಾರೇನೋ ತಮ್ಮಾ? ಕೆರಿ. ನಾ ಕೆರದ್ರ ನಾಳೆ ಊರಾಗ ಬ್ಯಾರೇನ ಮಾತಾಗತೈತಿ."

ಗವಿಸಿದ್ಧಪ್ಪ ಕೆರೆದ. ಕಾರು ಆ ಏರನ್ನು ಬಯಲೆಂದೇ ತಿಳಿದು ಹತ್ತಿತು ಎನ್ನುತ್ತಾರೆ. ತಾಯಿಯೂ ಉಳಿದಳು, ಕೂಸೂ ಉಳಿಯಿತು.

ದಾವಲ್ ಮಿಸ್ತ್ರಿ ಹೋಗಿ ಎಷ್ಟೋ ಕಾಲವಾಯಿತು. ಆಸ್ಪತ್ರೆ ಇನ್ನೂ ಬೆಟ್ಟದ ಆಚೆಗೇ ಇದೆ. ಆಯುಧಪೂಜೆಯ ದಿನ ಆ ಊರಿನವರು ಗಾಡಿಯ ಮೈಗೆಲ್ಲ ಗಂಧ ಹಚ್ಚುತ್ತಾರೆ, ಟ್ಯಾಂಕಿನ ಮುಚ್ಚಳವೊಂದನ್ನು ಬಿಟ್ಟು. ಅದನ್ನು ತೆರೆದು, ತಲೆಬಾಗಿಸಿ, ಕಿವಿಗೊಟ್ಟು ನಿಲ್ಲುತ್ತಾರೆ. ಹೊಸ ಗಾಡಿಗಳ ಟ್ಯಾಂಕು ಸದ್ದು ಮಾಡುವುದಿಲ್ಲ. ಆದರೂ ನಿಲ್ಲುತ್ತಾರೆ. ಕಾಯಿ ಒಡೆಯುವುದು ಆಮೇಲೆಯೇ.