ತಿಪ್ಪಕ್ಕನ ಉಕ್ಕಡ

ಗುಡ್ಡದಹಟ್ಟಿಯ ತೆಂಕಣಕ್ಕೆ ಒಂದು ಬೋಳುಗುಡ್ಡವಿದೆ. ಹತ್ತಿದರೆ ಗಾಳಿ, ಇಳಿದರೆ ಮುಳ್ಳು. ಅದನ್ನು ಜನ ತಿಪ್ಪಕ್ಕನ ಉಕ್ಕಡ ಎಂದು ಕರೆಯುತ್ತಾರೆ. ಉಕ್ಕಡವೆಂದರೆ ಗಡಿಯಂಚಿನ ಕಾವಲು ಠಾಣೆ. ಸುಂಕದ ಕಟ್ಟೆಗೂ, ಊರಾಚೆ ತಳವಾರರು ಕೂರುತ್ತಿದ್ದ ಚಾವಡಿಗೂ ಅದೇ ಹೆಸರಿತ್ತು. ಈಗ ಈ ಸೀಮೆಯಲ್ಲಿ ಕೊನೆಯ ಬಸ್ಸು ತಿರುಗುವ ಜಾಗವೂ ಉಕ್ಕಡವೇ. ದೂರದ ಊರಿಗೆ ಮಗಳನ್ನು ಕೊಟ್ಟವರನ್ನು ‘ಉಕ್ಕಡಕ್ಕೆ ಕೊಟ್ಟೆಯಲ್ಲಪ್ಪಾ’ ಎಂದು ಛೇಡಿಸುವುದೂ ಉಂಟು. ಆದರೆ ಹೆಂಗಸಿನ ಹೆಸರು ಹೊತ್ತ ಉಕ್ಕಡ ಇದೊಂದೇ ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಗುಡ್ಡದ ಕಾವಲು ಬೊಮ್ಮಯ್ಯನೆಂಬವನದು. ಕಾವಲಿಗೆ ಬಂದವನು ಮೊದಲ ದಿನ ತನ್ನ ಕೈಯಾರೆ ಒಲೆ ಹಚ್ಚಬೇಕು. ಬಿಟ್ಟು ಹೋಗುವ ದಿನ ತಾನೇ ಆರಿಸಿ, ಬೂದಿಯನ್ನು ಕೋಟೆಗೆ ಒಪ್ಪಿಸಬೇಕು. ನಡುವೆ ಬೆಂಕಿ ನಂದಕೂಡದು. ಬೆಳಗಾದರೆ ಅದರ ಮೇಲೆ ಹಸಿಸೊಪ್ಪು ಹಾಕಿ ಹೊಗೆ ಎಬ್ಬಿಸಬೇಕು. ಆ ಹೊಗೆ ಕಂಡರೆ ಕೆಳಗಿನ ಹದಿನೈದು ಮನೆಯ ಕುರುಬರು ಕುರಿರೊಪ್ಪದ ಬಾಗಿಲು ತೆಗೆಯುತ್ತಿದ್ದರು. ಕಾಣದಿದ್ದರೆ ದಂಡು ಬಂದಿದೆಯೆಂದು ಮಂದೆಯನ್ನು ಹೊರಗೆ ಬಿಡುತ್ತಿರಲಿಲ್ಲ.

ಒಂದು ಮಳೆಗಾಲ ಬೊಮ್ಮಯ್ಯ ಜ್ವರದಲ್ಲಿ ತೀರಿಕೊಂಡ. ಹೆಂಡತಿ ತಿಪ್ಪಕ್ಕ ಅವನನ್ನು ಮಣ್ಣು ಮಾಡಿ ಬಂದವಳೇ ಮರುಬೆಳಗ್ಗೆ ಸೊಪ್ಪು ತಂದು ಒಲೆಗೆ ಹಾಕಿದಳು. ಅಳಲು ಹೊತ್ತೆಲ್ಲಿತ್ತು? ಮೂರು ತಿಂಗಳು ಹೀಗೇ ನಡೆಯಿತು. ಆಮೇಲೆ ಕೋಟೆಯ ಗುರಿಕಾರ ಸೂರಪ್ಪ ಗುಡ್ಡ ಹತ್ತಿ ಬಂದ. ಇಷ್ಟು ದೂರದ ಠಾಣೆ ಇನ್ನು ಬೇಡ, ಎಬ್ಬಿಸಿ ಬೂದಿ ತಾ ಎಂದು ನಾಯಕನ ಅಪ್ಪಣೆಯಾಗಿತ್ತು. ಉಕ್ಕಡ ಎದ್ದುಹೋದರೆ ಅದರ ಹೊಗೆಯನ್ನೇ ನಂಬಿದ ಹದಿನೈದು ಮನೆಗಳೂ ಎದ್ದುಹೋದಂತೆಯೇ ಎಂಬುದು ತಿಪ್ಪಕ್ಕನಿಗೆ ಗೊತ್ತಿತ್ತು. ಅವಳು ಒಲೆಗೆ ಅಡ್ಡ ನಿಂತಳು.

“ಹಚ್ಚಿದ ಕೈಯೇ ಆರಿಸ್ಬೇಕು ಅಂತ ಕಟ್ಟಳೆ ಮಾಡಿದೋರು ನೀವೇ ಅಲ್ವಾ ಗುರಿಕಾರ್ರೇ? ಹಚ್ಚಿದೋನು ಮಣ್ಣಾಗೋದ. ಇನ್ನು ಆರ್ಸೋರು ಯಾರು?”

“ಹಠ ಮಾಡಬ್ಯಾಡ ತಂಗ್ಯಮ್ಮ. ನಾಯಕರ ಅಪ್ಪಣೆ ಐತೆ, ನಾನೇ ಆರಿಸ್ತೀನಿ.”

“ಆರ್ಸಿ. ಯಾರು ಬೇಕಾದ್ರೂ ಒಲೆ ಮುಟ್ಟಬೌದು ಅಂತ ಆದಮ್ಯಾಲೆ, ಮಿಕ್ಕ ಹತ್ತು ಉಕ್ಕಡದ ಹೊಗೆನ ನಾಳೆ ಹೆಂಗೆ ನಂಬ್ತೀರಿ?”

ಸೂರಪ್ಪ ಬಗ್ಗಿಸಿದ್ದ ನೀರಿನ ಕೊಡವನ್ನು ಹಾಗೇ ಕೆಳಗಿಟ್ಟನಂತೆ. ಬರಿಗೈಯಲ್ಲಿ ಹಿಂದಿರುಗಿದವನನ್ನು ಕಂಡು ನಾಯಕನಿಗೆ ಮೈಯೆಲ್ಲ ಉರಿದಿರಲೇಬೇಕು. ಆದರೂ ತನ್ನ ಕಟ್ಟಳೆಯನ್ನು ತಾನೇ ಮುರಿಯುವುದು ಯಾವ ದೊರೆಗೂ ಸುಲಭವಲ್ಲ. ಮುಂದಿನ ಹುಣ್ಣಿಮೆಗೆ ಕಾವಲಿನ ರಾಗಿ ತಿಪ್ಪಕ್ಕನ ಹೆಸರಿಗೇ ಬಂತು. ಇಪ್ಪತ್ತೆರಡು ವರ್ಷ ಆಕೆ ಗುಡ್ಡ ಇಳಿಯಲಿಲ್ಲ, ಒಂದು ಬೆಳಗೂ ಹೊಗೆ ತಪ್ಪಲಿಲ್ಲ ಎನ್ನುತ್ತಾರೆ. ಗಂಡುಗಲಿಗಳ ವೀರಗಲ್ಲುಗಳು ನಾಡಿನಲ್ಲಿ ಬೇಕಾದಷ್ಟಿವೆ. ಸೊಪ್ಪು ಹೊತ್ತ ಈ ಹೆಣ್ಣಿಗೆ ಯಾರೂ ಒಂದು ಕಲ್ಲು ನೆಡಿಸಲಿಲ್ಲವಲ್ಲ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗ ಗುಡ್ಡದ ನೆತ್ತಿಯಲ್ಲಿ ಕುಸಿದ ಗೋಡೆಯ ನಾಲ್ಕು ಕಲ್ಲುಗಳ ಹೊರತು ಏನೂ ಉಳಿದಿಲ್ಲ. ನೋಡಬೇಕಾದದ್ದು ಕೆಳಗೆ, ಹಟ್ಟಿಯಲ್ಲಿ. ತೆಂಕಣ ಯಮನ ದಿಕ್ಕೆಂದು ಸುತ್ತಲ ಊರುಗಳಲ್ಲಿ ಯಾರೂ ಅತ್ತ ಬಾಗಿಲಿಡುವುದಿಲ್ಲ. ಇಲ್ಲಿ ಮಾತ್ರ ಹಳೆಯ ಮಣ್ಣಿನ ಮನೆಯಿರಲಿ, ಹೊಸ ಆರ್‌ಸಿಸಿ ಮನೆಯಿರಲಿ, ಪ್ರತಿಯೊಂದು ತಲೆಬಾಗಿಲೂ ತೆಂಕಣಕ್ಕೇ ಇದೆ. ಬಂದವರು ಹುಬ್ಬೇರಿಸಿ ಕೇಳಿದರೆ, ಹಟ್ಟಿಯ ಹೆಂಗಸರು ಗುಡ್ಡದತ್ತ ಕೈ ತೋರಿಸಿ ಹೇಳುತ್ತಾರೆ: “ನಮ್ಮನ್ನ ಬದುಕಿಸಿದೋಳು ಆ ಕಡೆ ಅವ್ಳೆ. ಆಯಮ್ಮಂಗೆ ಬೆನ್ನು ಹಾಕಿ ಮನೆ ಕಟ್ಟಾಕಾಗುತ್ತಾ?”