ಪಕ್ಕದ ಶೀಶೆಯ ಬೂಷ್ಟು

ಸೂಕ್ಷ್ಮಜೀವಿಗಳನ್ನು ಹಿಮದಲ್ಲಿ ಕಾಪಿಡುವ ಸಂಶೋಧನಾಲಯವೊಂದರ ಫ್ರೀಜರಿನಲ್ಲಿ ಯೀಸ್ಟು ಮತ್ತು ಬೂಷ್ಟು ಅಕ್ಕಪಕ್ಕದ ಶೀಶೆಗಳಲ್ಲಿ ವಾಸವಾಗಿದ್ದವು. ಯೀಸ್ಟಿನ ಕಸುಬು ಬ್ರೆಡ್ಡು ಉಬ್ಬಿಸುವುದು. ಅಂಥವರು ಬೀದಿಗೆ ಹತ್ತು ಜನ. ಬೂಷ್ಟಿನ ಕಸುಬು ರಾಗಿಯ ಬೆಂಕಿರೋಗವನ್ನು ಕೊಲ್ಲುವುದು. ಅಂಥದ್ದು ಲೋಕಕ್ಕೆ ಅದೊಂದೇ.

ಒಂದು ದಿನ ಕಂಪ್ಯೂಟರ್ ಬಂದು ಕೇಳಿತು: "ನಿಮ್ಮ ಹೆಸರು, ಗುಣ ಹೇಳಿ. ಊರೂರಿನ ಸಂಶೋಧಕರಿಗೆಲ್ಲ ಕಾಣುವಂತೆ ಪಟ್ಟಿಯಲ್ಲಿ ಹಾಕುತ್ತೇನೆ. ಬೇಕೆಂದವರಿಗೆ ಒಂದೊಂದು ತೊಟ್ಟು ಕಳಿಸೋಣ."

ಯೀಸ್ಟು ಕೂಡಲೇ ಹೇಳಿಕೊಂಡಿತು. ಬೂಷ್ಟು ನಕ್ಕಿತು. "ಏನಯ್ಯಾ, ಮೊಸರಿನ ಹೆಪ್ಪಿನ ಹಾಗೆ ಮನೆಮನೆಗೂ ಹೋಗುತ್ತೀಯಾ? ಅಪರೂಪದ ಮಾಲನ್ನು ಕಂಡವರಿಗೆಲ್ಲ ಹಂಚಿದರೆ ಬೆಲೆಯೇನು ಉಳಿಯಿತು?"

"ಹೆಪ್ಪು ಕೊಟ್ಟವರ ಮನೆಯಲ್ಲಿ ಮೊಸರು ಕೆಟ್ಟರೆ, ಅದೇ ಹೆಪ್ಪು ಪಕ್ಕದ ಮನೆಯಲ್ಲಿ ಸಿಗುತ್ತದಣ್ಣ. ಕೊಡದವರು ಯಾರ ಬಾಗಿಲು ತಟ್ಟಬೇಕು?"

"ನಿನ್ನ ವ್ಯಾಪಾರ ನಿನಗೆ," ಎಂದ ಬೂಷ್ಟು ಕಂಪ್ಯೂಟರಿಗೆ ತನ್ನ ಹೆಸರನ್ನೂ ಹೇಳಲಿಲ್ಲ, ಗುಣವನ್ನೂ ಹೇಳಲಿಲ್ಲ.

ಬೇಸಿಗೆಯಲ್ಲಿ ಫ್ರೀಜರ್ ಕೆಟ್ಟಿತು. ಯಾರಾದರೂ ಬಂದು ನೋಡುವಷ್ಟರಲ್ಲಿ ಹಿಮ ಕರಗಿ ಎರಡೂ ಸತ್ತಿದ್ದವು. ಕಂಪ್ಯೂಟರ್ ದೂರದ ಊರಿಗೆ ಹೇಳಿ ಕಳಿಸಿತು. ಹಿಂದೆ ಅಲ್ಲಿಗೆ ಹೋಗಿದ್ದ ಯೀಸ್ಟಿನ ತೊಟ್ಟು ಮರಳಿ ಬಂದು, ಹೊಸ ಶೀಶೆಯಲ್ಲಿ ಹಳೆಯ ಜಾಗದಲ್ಲೇ ಕೂತಿತು. ಪಕ್ಕದ ಜಾಗ ಖಾಲಿಯಿತ್ತು.

ಆ ಮಳೆಗಾಲ ಹೊಲಹೊಲದಲ್ಲೂ ರಾಗಿ ತೆನೆ ಸುಟ್ಟಂತೆ ಕಪ್ಪಾಯಿತು. "ಬೆಂಕಿರೋಗ ಕೊಲ್ಲುವವರು ನಿಮ್ಮಲ್ಲಿ ಯಾರಾದರೂ ಇದ್ದಾರೆಯೇ?" ಎಂದು ದಿಕ್ಕುದಿಕ್ಕಿನಿಂದ ಕೇಳಿ ಬಂತು.

"ಅಂಥವರಿದ್ದಾರೆಂದು ನನಗೆ ಯಾರೂ ಹೇಳಿಲ್ಲ," ಎಂದಿತು ಕಂಪ್ಯೂಟರ್.

"ಇದ್ದ," ಎಂದಿತು ಯೀಸ್ಟು. "ನನ್ನ ಪಕ್ಕದಲ್ಲೇ ಇದ್ದ."

"ಈಗೆಲ್ಲಿ?"

"ಶೀಶೆ ತೊಳೆದ ನೀರಿನ ಜೊತೆ ಚರಂಡಿಗೆ ಹೋದ."